ಅಂಕಿತದೊಳಗಿನ ಹೆಸರು: ಶರಣೆಯರ ಸಮಾನತೆಯ ನೆಲೆಗಳು

೧

ಸಮಾನತೆಗಾಗಿ ದನಿಯೆತ್ತಿದ ಭಾರತೀಯ ಮಹಿಳೆಯರನ್ನು ನೆನೆಯುವ ಸಂದರ್ಭ ಬಂದಾಗಲೆಲ್ಲ ಕನ್ನಡದ ಪರವಾಗಿ ಒಂದೇ ಹೆಸರು ಮುಂದೆ ಬರುವುದನ್ನು ಹೊರನಾಡಿನಲ್ಲಿರುವ ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ತಮಿಳಿಗೆ ಆಂಡಾಳ್, ಕಾಶ್ಮೀರಿಗೆ ಲಲ್ಲೇಶ್ವರಿ, ರಾಜಸ್ಥಾನಕ್ಕೆ ಮೀರಾ, ಕನ್ನಡಕ್ಕೆ ಅಕ್ಕಮಹಾದೇವಿ ಎಂಬ ಹಂಚಿಕೆ ವಿಚಾರಸಂಕಿರಣಗಳಲ್ಲಿ ಹೆಚ್ಚುಕಡಿಮೆ ರೂಢಿಯಾಗಿಬಿಟ್ಟಿದೆ. ಅಕ್ಕನ ಹಿರಿಮೆಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಒಂದು ಭಾಷೆಗೆ ಒಬ್ಬ ಪ್ರತಿನಿಧಿ ಎಂಬ ಈ ಏರ್ಪಾಡು ಹನ್ನೆರಡನೆಯ ಶತಮಾನದ ಕನ್ನಡದ ಮಟ್ಟಿಗೆ ಸತ್ಯದೂರವಾದುದು. ಅಲ್ಲಿ ಮಾತನಾಡಿದವಳು ಒಬ್ಬಳಲ್ಲ. ೧೯೯೩ರಲ್ಲಿ ಕನ್ನಡ ಮತ್ತು ಸಂಸ್ಕೃತಿ ನಿರ್ದೇಶನಾಲಯ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಹದಿನೈದು ಸಂಪುಟಗಳಲ್ಲಿ ಐದನೆಯದು ಪೂರ್ತಿಯಾಗಿ ಶಿವಶರಣೆಯರದು. ವೀರಣ್ಣ ರಾಜೂರ ಅವರು ಸಂಪಾದಿಸಿದ ಆ ಸಂಪುಟದಲ್ಲಿ ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳಿವೆ. ನೂಲುವವಳು, ನೇಯುವವಳು, ಧೂಪದ ಕಾಯಕದವಳು, ಅಕ್ಕಿ ಆಯುವವನ ಮಡದಿ, ಮಂತ್ರಿಯ ಮಡದಿ, ಸೂಳೆ ಎಂದೇ ಹೆಸರಾದವಳು ಎಲ್ಲರೂ ಅಲ್ಲಿದ್ದಾರೆ. ಒಂದೇ ಕಾಲದಲ್ಲಿ ಇಷ್ಟು ಭಿನ್ನ ನೆಲೆಗಳಿಂದ ಹೆಂಗಸರು ತಮ್ಮ ಮಾತನ್ನು ಉಳಿಸಿಹೋದ ನಿದರ್ಶನ ಮಧ್ಯಕಾಲೀನ ಭಾರತದಲ್ಲಿ ವಿರಳ.

ಈ ದೋಷದಲ್ಲಿ ನಮ್ಮ ಪಾಲೂ ಇದೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಮಧ್ಯಕಾಲೀನ ಸಾಹಿತ್ಯದ ಮೇಲೆ ನಾವು ಸಿದ್ಧಪಡಿಸಿದ ಮಹಾಪ್ರಬಂಧದಲ್ಲಿ ಆಯ್ದಕ್ಕಿ ಲಕ್ಕಮ್ಮನಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ಆಯ್ದಕ್ಕಿ ಮಾರಯ್ಯನ ವಿವೇಚನೆಯ ಕೊನೆಯಲ್ಲಿ ಒಂದು ಪುಟ ಅವಳಿಗೆ ಮೀಸಲಾಗಿತ್ತು. ಪದಸೂಚಿಯಲ್ಲಿ ಅವಳ ಹೆಸರನ್ನು ಹುಡುಕುವವರು ಮಾರಯ್ಯನ ಹೆಸರಿಗೇ ಹೋಗಬೇಕಿತ್ತು. ಆಗ ಅದು ನಮಗೆ ಸಹಜವಾಗಿಯೇ ಕಂಡಿತ್ತು. ಅದು ಏಕೆ ಸಹಜವೆನಿಸಿತು ಎಂಬುದನ್ನು ಹುಡುಕಿ ಹೊರಟದ್ದರ ಫಲ ಪ್ರಸ್ತುತ ಲೇಖನ.

೨

ಅಕ್ಕ ಒಬ್ಬಳೇ ಎದ್ದು ಕಾಣುವುದಕ್ಕೆ ಕಾರಣಗಳು ಹಳೆಯವೂ ಹೌದು, ಹೊಸವೂ ಹೌದು. ಅವಳ ಹೆಸರಿನಲ್ಲಿ ನಾನೂರಕ್ಕೂ ಹೆಚ್ಚು ವಚನಗಳು ದೊರೆತಿವೆ. ಹರಿಹರ ಅವಳ ಬಗ್ಗೆ ರಗಳೆ ಬರೆದ. ಹದಿನೈದನೆಯ ಶತಮಾನದಲ್ಲಿ ಚಾಮರಸನ ಪ್ರಭುಲಿಂಗಲೀಲೆಯೂ ಶೂನ್ಯಸಂಪಾದನೆಗಳೂ ಅವಳನ್ನು ಮತ್ತೆ ಚಿತ್ರಿಸಿದವು. ರಾಜನ ಅಧಿಕಾರವನ್ನು ಧಿಕ್ಕರಿಸಿ, ಉಡುಗೆಯನ್ನು ತೊರೆದು, ಕಲ್ಯಾಣದಲ್ಲಿ ಅಲ್ಲಮನ ಪ್ರಶ್ನೆಗಳಿಗೆ ಉತ್ತರಿಸಿ, ಶ್ರೀಶೈಲದ ಕದಳಿಗೆ ನಡೆದುಹೋದ ಅವಳ ಬದುಕು ಕಥನಕ್ಕೆ ಒದಗುವಂಥದು. ಮನೆಯೊಳಗೇ ಉಳಿದು ಕಾಯಕ ಮಾಡಿದವರ ಬದುಕಿಗೆ ಆ ಬಗೆಯ ಕಥನಯೋಗ್ಯತೆ ಇಲ್ಲ.

ಹೊಸ ಕಾರಣ ಅನುವಾದದ್ದು. ೧೯೭೩ರಲ್ಲಿ ಪ್ರಕಟವಾದ ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ಹೊರಜಗತ್ತಿಗೆ ವಚನಗಳ ಬಾಗಿಲನ್ನು ತೆರೆಯಿತು. ಅದರಲ್ಲಿ ಇರುವವರು ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಈ ನಾಲ್ವರು. ಕಾವ್ಯದ ದೃಷ್ಟಿಯಿಂದ ಆ ಆಯ್ಕೆಯನ್ನು ಆಕ್ಷೇಪಿಸುವಂತಿಲ್ಲ. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ಹೊರಗಿನ ಲಕ್ಷಣಗಳನ್ನು ಕಂಡು ಜನ ಹೆಣ್ಣೆಂದೂ ಗಂಡೆಂದೂ ಹೆಸರಿಡುತ್ತಾರೆ ಎಂಬ ವಿಚಾರದ ವಚನ ದಾಸಿಮಯ್ಯನದೆಂದು ಇಂದು ಭಾರತದ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಪರಿಚಿತ. ಅದೇ ವಿಚಾರವನ್ನು ಹೆಂಗಸರಿಬ್ಬರು ವಚನವಾಗಿಸಿದ್ದಾರೆಂಬುದು ಅಷ್ಟು ಪರಿಚಿತವಲ್ಲ. ಧೂಪದ ಗೊಗ್ಗವ್ವೆ ಮತ್ತು ಸತ್ಯಕ್ಕ ಆ ಇಬ್ಬರು.

ಮೂರನ್ನೂ ಒಟ್ಟಿಗೆ ಇಟ್ಟು ಓದಿದರೆ ವ್ಯತ್ಯಾಸ ಗೋಚರಿಸುತ್ತದೆ. ದಾಸಿಮಯ್ಯನದು ನಿರ್ಣಯ: ಒಳಗೆ ಸುಳಿಯುವ ಆತ್ಮ ಎರಡರಲ್ಲಿ ಯಾವುದೂ ಅಲ್ಲ. ಗೊಗ್ಗವ್ವೆಯದು ಪ್ರಶ್ನೆ: ಎರಡನ್ನೂ ಅರಿಯುವ ಜ್ಞಾನ ಹೆಣ್ಣೋ ಗಂಡೋ ಎಂದು ಕೇಳಿ ಆಕೆ ಸುಮ್ಮನಾಗುತ್ತಾಳೆ, ಉತ್ತರದ ಹೊಣೆ ಕೇಳುಗರದು. ಸತ್ಯಕ್ಕನದು ಇನ್ನೂ ಮುಂದಿನ ಹೆಜ್ಜೆ. ಅಂಗಲಕ್ಷಣ, ಉಡುಗೆ, ಆಯುಧಗಳನ್ನು ಹೆಣ್ಣು ಗಂಡಿನ ಪ್ರಮಾಣವೆಂದು ಒಪ್ಪುವುದು ಲೋಕದ ವಾಡಿಕೆಯೇ ಹೊರತು ತಿಳಿದವರ ನೀತಿಯಲ್ಲ ಎಂದು ಅವಳು ವಾದಿಸುತ್ತಾಳೆ. ದಾಸಿಮಯ್ಯ ಆತ್ಮದ ಮಾತನಾಡುವಲ್ಲಿ ಗೊಗ್ಗವ್ವೆ ಅರಿವಿನ ಮಾತನ್ನೂ ಸತ್ಯಕ್ಕ ನೀತಿಯ ಮಾತನ್ನೂ ಆಡುತ್ತಾರೆ. ಆತ್ಮಕ್ಕೆ ಲಿಂಗಭೇದವಿಲ್ಲವೆಂದು ಒಪ್ಪಿಕೊಂಡೂ ಮನೆಯಲ್ಲಿ, ಮಠದಲ್ಲಿ ಭೇದವನ್ನು ಪಾಲಿಸುವುದು ಸಾಧ್ಯ. ಚರಿತ್ರೆಯಲ್ಲಿ ಹಾಗೆಯೇ ನಡೆದಿದೆ. ಭೇದವನ್ನು ಪಾಲಿಸುವವನು ತಿಳಿದವನೇ ಅಲ್ಲ ಎಂಬ ಮಾತಿಗೆ ಅಂಥ ರಿಯಾಯಿತಿ ಇಲ್ಲ. ಒಂದು ವಿಚಾರದ ಮೂರು ರೂಪಗಳಲ್ಲಿ ಅತ್ಯಂತ ಕಡಿಮೆ ತೊಡಕಿನದು ಪ್ರಸಿದ್ಧವಾಯಿತು, ಉಳಿದೆರಡು ಸಂಪುಟದ ಪುಟಗಳಲ್ಲಿ ಉಳಿದವು.

೩

ಶರಣೆಯರ ಸಮಾನತೆಯ ಪ್ರಶ್ನೆಯನ್ನು ಪರಿಶೀಲಿಸಲು ವಚನದೊಳಗೇ ಒಂದು ಖಚಿತ ಆಧಾರವಿದೆ. ಅದು ಅಂಕಿತ. ವಚನದ ಅಂಕಿತ ಕವಿಯ ಹೆಸರಲ್ಲ, ಇಷ್ಟದೈವದ ಹೆಸರು. ಅಕ್ಕನದು ಚೆನ್ನಮಲ್ಲಿಕಾರ್ಜುನ, ಸತ್ಯಕ್ಕನದು ಶಂಭುಜಕ್ಕೇಶ್ವರ, ಗೊಗ್ಗವ್ವೆಯದು ನಾಸ್ತಿನಾಥ, ಕದಿರ ರೆಮ್ಮವ್ವೆಯದು ಗುಮ್ಮೇಶ್ವರ. ಇವುಗಳಲ್ಲಿ ಯಾವ ಗಂಡಸಿನ ಮಧ್ಯಸ್ಥಿಕೆಯೂ ಇಲ್ಲ. ಆದರೆ ಗೃಹಿಣಿಯರಾದ ಹಲವರ ಅಂಕಿತಗಳು ಬೇರೆ ಬಗೆಯವು. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ, ಹಡಪದ ಅಪ್ಪಣ್ಣನ ಮಡದಿ ಲಿಂಗಮ್ಮನದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ, ದಾಸಿಮಯ್ಯನ ಮಡದಿ ದುಗ್ಗಳೆಯದು ದಾಸಯ್ಯಪ್ರಿಯ ರಾಮನಾಥ, ಕಾಳವ್ವೆಯದು ಉರಿಲಿಂಗಪೆದ್ದಿಗಳರಸ. ದೈವದ ಹೆಸರಿನ ಹಿಂದೆ ಗಂಡನ ಹೆಸರು ನಿಂತಿದೆ. ಆಯ್ದಕ್ಕಿ ಮಾರಯ್ಯನ ಅಂಕಿತ ಬರಿಯ ಅಮರೇಶ್ವರಲಿಂಗ, ಅದರಲ್ಲಿ ಲಕ್ಕಮ್ಮನಿಲ್ಲ. ಮೋಳಿಗೆ ಮಾರಯ್ಯನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ, ಅದರಲ್ಲಿ ಮಹಾದೇವಿಯಿಲ್ಲ.

ಮೇಲ್ನೋಟಕ್ಕೆ ಇದು ಅಧೀನತೆಯ ಗುರುತು. ಶರಣಚಳವಳಿಯಲ್ಲಿ ಹೆಣ್ಣಿಗೆ ದೊರೆತದ್ದು ಗಂಡನ ನೆರಳಿನ ಸ್ವಾತಂತ್ರ್ಯ ಮಾತ್ರ ಎಂದು ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ಆದರೆ ನಿರ್ಣಯಕ್ಕೆ ಮುನ್ನ ಗಂಡಸರ ಅಂಕಿತಗಳನ್ನೂ ನೋಡಬೇಕು. ಹಡಪದ ಅಪ್ಪಣ್ಣನ ಅಂಕಿತ ಬಸವಪ್ರಿಯ ಕೂಡಲಚೆನ್ನಬಸವಣ್ಣ. ‘ಇಂಥವರಿಗೆ ಪ್ರಿಯನಾದ ದೇವರು’ ಎಂಬ ರಚನೆ ಹೆಂಗಸರಿಗಷ್ಟೇ ಮೀಸಲಾದುದಲ್ಲ. ಯಾರ ಮೂಲಕ ದೈವದ ಅರಿವಾಯಿತೋ ಅವರನ್ನು ನೆನೆಯುವ ಕ್ರಮ ಅದು. ಅಪ್ಪಣ್ಣ ಬಸವಣ್ಣನನ್ನು ನೆನೆದ ಸ್ಥಾನದಲ್ಲಿ ಲಿಂಗಮ್ಮ ಅಪ್ಪಣ್ಣನನ್ನು ನೆನೆದಳು. ಅಂದರೆ ಅಂಕಿತದಲ್ಲಿ ಗಂಡ ಯಜಮಾನನಾಗಿ ಬರದೆ ಮಾರ್ಗದರ್ಶಿಯ ಸ್ಥಾನದಲ್ಲಿ ಬರುತ್ತಾನೆ. ಅಸಮಾನತೆ ಇಲ್ಲವೆಂದು ಇದರರ್ಥವಲ್ಲ. ಗಂಡಸಿಗೆ ಮಾರ್ಗದರ್ಶಿ ಮನೆಯ ಹೊರಗೆ ಸಿಕ್ಕರೆ ಗೃಹಿಣಿಗೆ ಅವನು ಮನೆಯೊಳಗೇ ಸಿಗಬೇಕಾಯಿತು ಎಂಬುದೇ ಅಸಮಾನತೆಯ ನಿಖರವಾದ ಸ್ಥಳ.

ಈ ಕ್ರಮಕ್ಕೆ ಅಪವಾದಗಳೂ ಉಂಟು. ಬಸವಣ್ಣನ ಮಡದಿ ಗಂಗಾಂಬಿಕೆಯ ಅಂಕಿತ ಗಂಗಾಪ್ರಿಯ ಕೂಡಲಸಂಗ. ದೈವ ಗಂಡನದೇ, ಆದರೆ ಆ ದೈವ ಪ್ರಿಯವಾದುದು ತನಗೆಂದು ಹೇಳಿ ಅವಳು ತನ್ನ ಹೆಸರನ್ನೇ ಇಟ್ಟಳು. ಮುಕ್ತಾಯಕ್ಕನ ಅಂಕಿತ ಅವಳ ಅಣ್ಣ ಅಜಗಣ್ಣನ ಹೆಸರೇ. ಅಣ್ಣನ ಸಾವಿನ ದುಃಖದಲ್ಲಿ ಅವಳು ಅಲ್ಲಮನೊಡನೆ ನಡೆಸುವ ವಾದ ಶೂನ್ಯಸಂಪಾದನೆಯ ಅತ್ಯಂತ ಬಿಗುವಿನ ಭಾಗಗಳಲ್ಲೊಂದು. ಮಾತು ಮತ್ತು ಮೌನಗಳ ಬಗ್ಗೆ ಆಕೆ ಅಲ್ಲಮನಿಗೆ ಸುಲಭವಾಗಿ ಸೋಲುವುದಿಲ್ಲ. ಅಂಕಿತದಲ್ಲಿ ಗಂಡಸಿನ ಹೆಸರಿದ್ದ ಮಾತ್ರಕ್ಕೆ ವಚನದ ದನಿ ತಗ್ಗಿದ್ದೆಂದು ಹೇಳಲಾಗದು ಎಂಬುದಕ್ಕೆ ಇದು ಸಾಕು.

೪

ಲಕ್ಕಮ್ಮನ ವಚನಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಲಕ್ಕಮ್ಮ ಮಾರಯ್ಯರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು. ಅವರ ಅಂಕಿತದ ಅಮರೇಶ್ವರ ಆ ಊರಿನ ದೈವ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಆಯ್ದಕ್ಕಿ ಎಂಬ ಹೆಸರು ಅದರಿಂದ ಬಂದುದು. ಒಮ್ಮೆ ಅನುಭವದ ಮಾತುಕತೆಯಲ್ಲಿ ಮೈಮರೆತು ಕುಳಿತ ಗಂಡನಿಗೆ ಕಾಯಕದ ಹೊತ್ತು ಮೀರಿತೆಂದು ಲಕ್ಕಮ್ಮ ನೆನಪಿಸುತ್ತಾಳೆ. ಅವನು ಅವಸರದಿಂದ ಹೋಗಿ ದಿನದ ಅಳತೆಗಿಂತ ಹೆಚ್ಚಿನ ಅಕ್ಕಿಯನ್ನು ತರುತ್ತಾನೆ. ಅದನ್ನು ಕಂಡ ಲಕ್ಕಮ್ಮ, ಇಷ್ಟೇಕೆ ತಂದಿರಿ, ಆಸೆ ಅರಸರಿಗೆ ಒಪ್ಪುವುದೇ ಹೊರತು ಭಕ್ತರಿಗಲ್ಲ, ಎತ್ತಿಕೊಂಡ ಕಡೆಗೇ ಒಯ್ದು ಹಾಕಿರಿ ಎಂಬ ತಾತ್ಪರ್ಯದ ಮಾತನಾಡುತ್ತಾಳೆ.

ಈ ಪ್ರಸಂಗವನ್ನು ನಾವು ಬಹುಕಾಲ ಅಪರಿಗ್ರಹದ ಪಾಠವೆಂದು ಬೋಧಿಸುತ್ತ ಬಂದೆವು. ಅದು ಪಾಠ ನಿಜ; ಆದರೆ ಅದನ್ನು ಹೇಳುತ್ತಿರುವವಳು ಯಾರು, ಯಾರಿಗೆ ಹೇಳುತ್ತಿದ್ದಾಳೆ ಎಂಬುದೂ ಅದರ ಅರ್ಥದ ಭಾಗ. ಮನೆಯ ಸಂಪಾದನೆಯನ್ನು ತರುವವನು ಗಂಡ. ತಂದದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವಳು ಹೆಂಡತಿ. ತಂದದ್ದನ್ನು ಬೇಯಿಸಿ ಬಡಿಸುವುದಷ್ಟೇ ಹೆಣ್ಣಿನ ಕೆಲಸವೆಂಬ ಗೃಹಧರ್ಮ ಇಲ್ಲಿ ಮೌನವಾಗಿ ಬದಲಾಗಿದೆ. ಅವಳ ತೀರ್ಮಾನಕ್ಕೆ ಆಧಾರವೂ ಅವಳ ಸ್ವಂತದ್ದೇ. ಶಾಸ್ತ್ರವನ್ನಾಗಲಿ ಹಿರಿಯರನ್ನಾಗಲಿ ಅವಳು ಮುಂದಿಡುವುದಿಲ್ಲ; ಕಾಯಕದ ಅಳತೆಯೊಂದನ್ನೇ ಮುಂದಿಡುತ್ತಾಳೆ. ಇಬ್ಬರಿಗೂ ಒಂದೇ ಅಳತೆ ಎಂಬುದು ಅವಳ ಸಮಾನತೆ. ‘ಸಮಾನತೆ’ ಎಂಬ ಇಂದಿನ ಪದವನ್ನು ವಚನಗಳಲ್ಲಿ ಹುಡುಕಿ ನಿರಾಶರಾಗುವ ಸಂಶೋಧಕರು ಕಾಯಕ, ವ್ರತ, ಅರಿವು, ಆಚಾರ ಎಂಬ ಪದಗಳ ಬಳಕೆಯನ್ನು ಗಮನಿಸಬೇಕು. ಆ ವಿಚಾರ ಅಲ್ಲಿ ಈ ಹೆಸರುಗಳಲ್ಲಿ ಬದುಕಿದೆ.

ಇನ್ನು ಅಂಕಿತಕ್ಕೆ ಮರಳೋಣ. ಮಾರಯ್ಯನನ್ನು ತಿದ್ದುವ ವಚನ ಮಾರಯ್ಯಪ್ರಿಯನಾದ ಅಮರೇಶ್ವರಲಿಂಗವನ್ನು ಸಾಕ್ಷಿಯಾಗಿ ಕರೆದು ಮುಗಿಯುತ್ತದೆ. ಮಾರ್ಗದರ್ಶಿಯ ಸ್ಥಾನದಲ್ಲಿ ಯಾರನ್ನು ಇಟ್ಟಿದ್ದಾಳೋ ಅವನನ್ನೇ ಆ ಸ್ಥಾನದ ಹೆಸರಿನಲ್ಲಿ ಅವಳು ಎಚ್ಚರಿಸುತ್ತಾಳೆ. ಆ ದೇವರು ನಿನಗೆ ಪ್ರಿಯನಾದರೆ ಈ ಅಕ್ಕಿ ಅವನಿಗೆ ಸಲ್ಲದೆಂಬುದು ನಿನಗೇ ತಿಳಿಯಬೇಕಿತ್ತು ಎಂಬುದು ಅಂಕಿತದ ಧ್ವನಿ. ಹೀಗಾಗಿ ವಚನದ ಒಡಲು ಒಂದು ಕಡೆಗೂ ಅಂಕಿತ ಇನ್ನೊಂದು ಕಡೆಗೂ ಎಳೆಯುತ್ತಿವೆ ಎನ್ನುವುದಕ್ಕಿಂತ, ಅಂಕಿತವನ್ನು ಅವಳು ವಾದದ ಕೊನೆಯ ಪಟ್ಟಾಗಿ ಬಳಸಿದ್ದಾಳೆ ಎನ್ನುವುದು ಯುಕ್ತ. ಮೋಳಿಗೆ ಮಹಾದೇವಿಯಲ್ಲೂ ಇದೇ ವಿನ್ಯಾಸ ಕಾಣುತ್ತದೆ. ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲೇ ಅವಳು ಐಕ್ಯದ ಬಗೆಗಿನ ಗಂಡನ ತಿಳಿವಳಿಕೆಯನ್ನು ತಿದ್ದುತ್ತಾಳೆ. ಅವಳ ವಿಷಯ ತತ್ತ್ವದ್ದು, ಲಕ್ಕಮ್ಮನದು ಅಕ್ಕಿಯದು. ಎರಡೂ ಕಡೆ ತಿದ್ದುವ ಹಕ್ಕು ಒಂದೇ.

ಆದರೂ ಗೂಳೂರು ಸಿದ್ಧವೀರಣ್ಣನ ಶೂನ್ಯಸಂಪಾದನೆಯಲ್ಲಿ ಲಕ್ಕಮ್ಮನ ಈ ವಾದ ಬರುವ ಪ್ರಕರಣಕ್ಕೆ ಇರುವುದು ಆಯ್ದಕ್ಕಿ ಮಾರಯ್ಯನ ಹೆಸರು. ತಿದ್ದಿಸಿಕೊಂಡವನ ಹೆಸರಿನಲ್ಲಿ ಪ್ರಕರಣ, ತಿದ್ದಿದವಳು ಅದರೊಳಗಿನ ಪಾತ್ರ. ನಮ್ಮ ಮಹಾಪ್ರಬಂಧದ ಪದಸೂಚಿಗೆ ಮೇಲ್ಪಂಕ್ತಿ ಎಲ್ಲಿಂದ ಬಂದಿತೆಂಬುದು ಈಗ ಸ್ಪಷ್ಟ.

೫

ಇನ್ನಿಬ್ಬರ ಮಾತನ್ನು ಇಲ್ಲಿ ಹೇಳಲೇಬೇಕು. ಸೂಳೆ ಸಂಕವ್ವೆಯದು ನಮಗೆ ಉಳಿದಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಸೂಸಿ ತಾರು ಮತ್ತು ಕೆ. ಲಲಿತಾ ಅವರು ಸಂಪಾದಿಸಿದ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’ದ ಮೊದಲ ಸಂಪುಟ ೧೯೯೧ರಲ್ಲಿ ಹೊರಬಂದಾಗ ಅಕ್ಕನ ಜೊತೆಗೆ ಸಂಕವ್ವೆಗೂ ಸ್ಥಳ ದೊರೆಯಿತು. ಅದು ಸ್ವಾಗತಾರ್ಹವಾಗಿತ್ತು. ಆದರೆ ಅನಂತರದ ಬರೆಹಗಳಲ್ಲಿ ಆ ವಚನ ಹೆಚ್ಚಾಗಿ ವೇಶ್ಯಾವೃತ್ತಿಯ ಸಾಮಾಜಿಕ ದಾಖಲೆಯಾಗಿ ಉಲ್ಲೇಖಗೊಳ್ಳುತ್ತಿದೆ. ವಚನದ ತಿರುಳು ಅದಲ್ಲ. ಒಬ್ಬರಿಂದ ಹಣ ಪಡೆದಿರುವಾಗ ಇನ್ನೊಬ್ಬರ ಹಣವನ್ನು ಮುಟ್ಟಬಾರದೆಂಬುದು, ಮುಟ್ಟಿದರೆ ಘೋರ ಶಿಕ್ಷೆಯೆಂಬುದು ಅವಳ ವೃತ್ತಿಯ ಕಟ್ಟಳೆ. ಆ ಕಟ್ಟಳೆಯನ್ನೇ ಅವಳು ವ್ರತನಿಷ್ಠೆಗೆ ಅಳತೆಗೋಲಾಗಿ ತರುತ್ತಾಳೆ. ವ್ರತವೆಂದರೇನು ಎಂದು ಹೇಳುವ ಅಧಿಕಾರ ಸಮಾಜ ಅತ್ಯಂತ ಹೀನವೆಂದು ಕಂಡ ವೃತ್ತಿಯೊಳಗಿನಿಂದ ಬರುತ್ತಿದೆ. ತನ್ನ ವೃತ್ತಿಗಾಗಿ ಅವಳು ಕ್ಷಮೆ ಕೋರುವುದಿಲ್ಲ, ಅನುಕಂಪವನ್ನೂ ಬೇಡುವುದಿಲ್ಲ. ಲಜ್ಜೆಯೆಂಬುದು ಹೆಣ್ಣಿಗೆ ಲೋಕ ತೊಡಿಸಿದ ಒಡವೆಯಾದರೆ, ಅವಳ ದೈವ ಲಜ್ಜೆಯಿಲ್ಲದ ಈಶ್ವರ.

ಉರಿಲಿಂಗಪೆದ್ದಿಯ ಮಡದಿ ಕಾಳವ್ವೆಯದು ಜಾತಿಯ ನೆಲೆ. ಉರಿಲಿಂಗಪೆದ್ದಿ ಅಸ್ಪೃಶ್ಯವೆನಿಸಿದ ಕುಲದಿಂದ ಬಂದವನೆಂದು ಪರಂಪರೆ ಹೇಳುತ್ತದೆ. ತಿನ್ನುವ ಮಾಂಸದ ಆಧಾರದ ಮೇಲೆ ಕೆಲವರನ್ನು ಕುಲಜರೆಂದೂ ಕೆಲವರನ್ನು ಕೀಳುಜಾತಿಯೆಂದೂ ಕರೆಯುವವರ ತರ್ಕವನ್ನು ಕಾಳವ್ವೆ ಅವರದೇ ಆಚರಣೆಗಳನ್ನು ಮುಂದಿಟ್ಟು ತಲೆಕೆಳಗು ಮಾಡುತ್ತಾಳೆ. ಈ ವಚನದಲ್ಲಿ ಅವಳು ಗಂಡನೊಡನೆ ವಾದಿಸುತ್ತಿಲ್ಲ. ಗಂಡನ ಜೊತೆಗೆ ನಿಂತು ಲೋಕದೊಡನೆ ವಾದಿಸುತ್ತಿದ್ದಾಳೆ. ಇಲ್ಲಿ ಅಂಕಿತದಲ್ಲಿನ ಗಂಡನ ಹೆಸರು ಬೇರೆ ಅರ್ಥವನ್ನು ಪಡೆಯುತ್ತದೆ. ಮೇಲಿನವರು ಮುಟ್ಟಲೊಲ್ಲದ ಹೆಸರನ್ನು ದೈವದ ಹೆಸರಿನೊಳಗೇ ಸೇರಿಸಿ ಉಚ್ಚರಿಸುವುದು ಪತಿಭಕ್ತಿಗಿಂತ ಹೆಚ್ಚಿನದು. ಒಂದೇ ವ್ಯಾಕರಣದ ಅಂಕಿತ ಲಕ್ಕಮ್ಮನಲ್ಲಿ ಒಂದು ಕೆಲಸವನ್ನೂ ಕಾಳವ್ವೆಯಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಎಲ್ಲ ಶರಣೆಯರನ್ನೂ ‘ಸ್ತ್ರೀಸಂವೇದನೆ’ ಎಂಬ ಒಂದೇ ಶೀರ್ಷಿಕೆಯಡಿ ಕೂಡಿಸುವ ವಿಮರ್ಶೆ ಈ ವ್ಯತ್ಯಾಸವನ್ನು ಕಳೆದುಕೊಳ್ಳುತ್ತದೆ.

೬

ನೆರೆಭಾಷೆಗಳ ನಡುವೆ ಬದುಕುವ ನಮಗೆ ಹೋಲಿಕೆ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ತಮಿಳಿನ ಕಾರೈಕ್ಕಾಲ್ ಅಮ್ಮೈಯಾರ್ ತನ್ನನ್ನು ಕಾರೈಕ್ಕಾಲಿನ ಪೇಯ್, ಅಂದರೆ ಪಿಶಾಚಿ ಎಂದು ಕರೆದುಕೊಳ್ಳುತ್ತಾಳೆ. ಆಂಡಾಳ್ ತಿರುಪ್ಪಾವೈಯ ಕೊನೆಯಲ್ಲಿ ತಂದೆ ಪಟ್ಟರ್‌ಪಿರಾನರ ಕೋದೈ ಎಂದು ಹೇಳಿಕೊಳ್ಳುತ್ತಾಳೆ. ಮರಾಠಿಯಲ್ಲಿ ನಾಮದೇವರ ಮನೆಯ ದಾಸಿ ಜನಾಬಾಯಿ ನಾಮನ ಜನಿ ಎಂದೂ, ಚೋಖಾಮೇಳಾನ ಮಡದಿ ಸೋಯರಾಬಾಯಿ ಚೋಖಾನ ಮಹಾರಿ ಎಂದೂ ಮುದ್ರೆಯೊತ್ತುತ್ತಾರೆ. ತಂದೆ, ಒಡೆಯ, ಗಂಡ ಎಂಬ ಸಂಬಂಧವಾಚಕವಿಲ್ಲದೆ ಹೆಣ್ಣು ತನ್ನ ಗುರುತು ಹೇಳುವುದು ಅಲ್ಲಿಯೂ ಕಷ್ಟವೇ ಆಗಿತ್ತು. ಆದರೆ ಒಂದು ಭೇದವಿದೆ. ಜನಿ, ಕೋದೈ ಇವರ ಮುದ್ರೆಯಲ್ಲಿ ಸಂಬಂಧದ ಜೊತೆಗೆ ಸ್ವಂತ ಹೆಸರೂ ಇದೆ. ಸೋಯರಾಬಾಯಿಯ ಮುದ್ರೆಯಲ್ಲಿ ಹೆಸರಿನ ಬದಲು ಜಾತಿ ನಿಂತಿದೆ. ಕನ್ನಡದಲ್ಲಿ ಅಂಕಿತ ದೈವಕ್ಕೆ ಮೀಸಲಾದುದರಿಂದ ಗಂಗಾಂಬಿಕೆಯಂಥವರನ್ನು ಬಿಟ್ಟರೆ ಕವಿಯ ಸ್ವಂತ ಹೆಸರು ವಚನದೊಳಗೆ ಬರುವುದಿಲ್ಲ. ಗಂಡಸರಿಗೂ ಇದೇ ನಿಯಮ. ಆದರೆ ಅವರ ಹೆಸರು ಅಂಕಿತದ ಆಚೆ ಪುರಾಣ, ರಗಳೆ, ಪ್ರಕರಣಗಳ ಶೀರ್ಷಿಕೆಗಳಲ್ಲಿ ಉಳಿಯಿತು. ಲಕ್ಕಮ್ಮನಂಥವರ ಹೆಸರು ಉಳಿಯಬೇಕಾದರೆ ಸಂಕಲನಕಾರ ಬರೆದಿಡಬೇಕಿತ್ತು, ಮತ್ತು ಅವನು ಬರೆದಿಟ್ಟದ್ದು ‘ಇಂಥವರ ಪುಣ್ಯಸ್ತ್ರೀ’ ಎಂದು.

ಇದಕ್ಕೊಂದು ಸಮರ್ಥನೆ ಇಲ್ಲದಿಲ್ಲ. ಶರಣೆಯರಲ್ಲಿ ಒಂದಕ್ಕಿಂತ ಹೆಚ್ಚು ಕಾಳವ್ವೆಯರಿದ್ದಾರೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಎಂದು ಹೇಳದಿದ್ದರೆ ಗೊಂದಲವಾಗುತ್ತದೆ. ಈ ಪ್ರಾಯೋಗಿಕ ಅಗತ್ಯವನ್ನು ನಾವು ಒಪ್ಪುತ್ತೇವೆ. ಆದರೆ ಅವರ ಅಂಕಿತಗಳೂ ಬೇರೆಬೇರೆ: ಒಬ್ಬಳದು ಉರಿಲಿಂಗಪೆದ್ದಿಗಳರಸ, ಇನ್ನೊಬ್ಬಳದು ಕರ್ಮಹರ ಕಾಳೇಶ್ವರ. ಗುರುತಿಸುವುದಕ್ಕೆ ಅಂಕಿತವೇ ಸಾಕಾಗುವಾಗ ಗಂಡನ ಹೆಸರಿನ ಮೊರೆಹೋಗಬೇಕಾದ ಅವಶ್ಯಕತೆ ಇಂದಿನ ಸಂಶೋಧಕರಿಗಿಲ್ಲ.

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ಈ ವಚನಗಳಲ್ಲಿ ಬಹುಪಾಲು ನಮಗೆ ತಲುಪಿದ್ದು ಹದಿನೈದನೆಯ ಶತಮಾನದ ಮತ್ತು ಅನಂತರದ ಗಂಡಸರು ಸಂಕಲಿಸಿದ ಕಟ್ಟುಗಳ ಮೂಲಕ. ಇವು ಶರಣೆಯರದೇ ದನಿಯೆಂದು ಹೇಳುವುದು ಹೇಗೆ? ಪ್ರತಿಯೊಂದು ಪದದ ಬಗ್ಗೆಯೂ ಆ ಭರವಸೆ ಸಾಧ್ಯವಿಲ್ಲ. ಆದರೆ ಸಂಕಲನಕಾರರಿಗೆ ಅನುಕೂಲವಾದುದು ವಿಧೇಯ ಪತ್ನಿಯ ಚಿತ್ರ. ಗಂಡನನ್ನು ತಿದ್ದುವ ಲಕ್ಕಮ್ಮನನ್ನು ಶೀರ್ಷಿಕೆಯಲ್ಲಿ ಮರೆಸಿದವರು ಸಂವಾದದಲ್ಲಿ ಮರೆಸಲಾಗಲಿಲ್ಲ. ಮರೆಸಲಾಗದಷ್ಟು ಗಟ್ಟಿಯಾಗಿ ಆ ನೆನಪು ಪರಂಪರೆಯಲ್ಲಿ ನೆಲೆಸಿತ್ತೆಂದೇ ಇದರಿಂದ ಊಹಿಸಬೇಕಾಗುತ್ತದೆ.

೭

ಇಷ್ಟರಿಂದ ಹೊರಡುವ ಮಾತು ಸರಳ. ಮುಂದಾಳುತನವನ್ನು ನಾವು ಹೊಸ್ತಿಲು ದಾಟಿ ಹೊರಟವರಲ್ಲಿ ಮಾತ್ರ ಗುರುತಿಸುತ್ತ ಬಂದಿದ್ದೇವೆ. ಅಕ್ಕ ಹೊಸ್ತಿಲು ದಾಟಿದಳು, ಅದು ದೊಡ್ಡದು. ಲಕ್ಕಮ್ಮ ಹೊಸ್ತಿಲೊಳಗೆ ನಿಂತು, ಒಳಬಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳು. ಹೊರಟುಹೋಗುವ ಅವಕಾಶವಾಗಲಿ ಇಚ್ಛೆಯಾಗಲಿ ಇಲ್ಲದ ಅಸಂಖ್ಯ ಹೆಂಗಸರಿಗೆ ಈ ಎರಡನೆಯ ಮಾದರಿ ಹೆಚ್ಚು ಹತ್ತಿರದ್ದು. ಸಂಕವ್ವೆ, ಕಾಳವ್ವೆ, ಸತ್ಯಕ್ಕ, ಗೊಗ್ಗವ್ವೆ ಇವರ ಮಾದರಿಗಳು ಇನ್ನೂ ಬೇರೆ. ಇವರನ್ನು ಅಕ್ಕನ ಸುತ್ತಲಿನ ಚಿಕ್ಕ ನಕ್ಷತ್ರಗಳೆಂದು ವರ್ಣಿಸುವುದನ್ನು ನಿಲ್ಲಿಸಬೇಕು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸಗಳಿವೆ. ಪದಸೂಚಿ, ಗ್ರಂಥಸೂಚಿಗಳಲ್ಲಿ ಶರಣೆಯರನ್ನು ಅವರ ಸ್ವಂತ ಹೆಸರು ಮತ್ತು ಅಂಕಿತದಡಿ ದಾಖಲಿಸುವುದು. ಗೊಗ್ಗವ್ವೆ, ಸತ್ಯಕ್ಕರ ವಚನಗಳನ್ನು ದಾಸಿಮಯ್ಯನದರೊಡನೆ ಇಟ್ಟು ಬೋಧಿಸುವುದು. ಮರಾಠಿ, ತಮಿಳು, ತೆಲುಗು, ಹಿಂದಿಗಳಿಗೆ ಅನುವಾದಿಸುವಾಗ ಅಂಕಿತವನ್ನು ‘ಓ ದೇವರೇ’ ಎಂಬ ಬರಿಯ ಸಂಬೋಧನೆಯಾಗಿಸದೆ ಅದರೊಳಗಿನ ಮನುಷ್ಯರ ಹೆಸರನ್ನು ಉಳಿಸಿಕೊಳ್ಳುವುದು. ಈ ಮೂರನೆಯದು ಅತ್ಯಂತ ಕಷ್ಟದ್ದು ಮತ್ತು ಅತ್ಯಂತ ಅಗತ್ಯದ್ದು. ಮಾರಯ್ಯಪ್ರಿಯ ಎಂಬುದು ಬಿದ್ದುಹೋದರೆ ಲಕ್ಕಮ್ಮ ಯಾರೊಡನೆ ವಾದಿಸುತ್ತಿದ್ದಾಳೆಂಬುದೇ ಓದುಗರಿಗೆ ತಿಳಿಯದು. ನಮ್ಮ ಪ್ರಬಂಧದ ಪದಸೂಚಿಯನ್ನು ನಾವು ತಿದ್ದಿದ್ದೇವೆ. ಅದರಲ್ಲಿ ಈಗ ‘ಲ’ ಅಕ್ಷರದಡಿ ಲಕ್ಕಮ್ಮನ ಹೆಸರಿದೆ.